ಒಂಟಿ ಕೀಲಿಯ ತಾಯಂದಿರು

ಹೋದ ವಾರ ರೇಖಾ ಅಡುಗೆಮನೆಯ ಅಟ್ಟದಿಂದ ಹಳೆಯ ಕೌದಿಯೊಂದನ್ನು ಕೆಳಗೆ ಎಳೆದಳು. ರೇಖಾ ನಮ್ಮ ಮನೆಯ ಕಸಮುಸುರೆ ನೋಡಿಕೊಳ್ಳುವವಳು, ಎದುರು ನಿಂತ ಗಂಡಸರನ್ನು ಬೈದು ಓಡಿಸುವಂಥ ಗಟ್ಟಿಗಿತ್ತಿ. ಕೌದಿಯ ಮಡಿಕೆ ಬಿಚ್ಚಿದ್ದೇ ತಡ, "ಆಜೀ, ಉಂದೀರ!" ಎಂದು ಕಿರುಚಿ ಕುರ್ಚಿ ಹತ್ತಿ ನಿಂತಳು. ಮರಾಠಿಯ ಉಂದೀರ ಎಂದರೆ ನಮ್ಮ ಇಲಿ. ನಾನು ಬಗ್ಗಿ, ಕೌದಿಗೆ ಮೂಗು ಹತ್ತಿಸಿ ಮೂಸಿ ನೋಡಿದೆ. "ಕೂಗಬೇಡ, ಒಳಗಿರುವವಳು ಬಾಣಂತಿ" ಎಂದು ಅವಳ ಮರಾಠಿಯಲ್ಲೇ ಹೇಳಿದೆ. ಆಮೇಲೆ ರೇಖಾ ಇಲಿಯನ್ನು ಬಿಟ್ಟು ನನ್ನನ್ನೇ ನೋಡಿ ಹೆದರತೊಡಗಿದಳು.

ಹಾಲೂಡಿಸುವ ಇಲಿಯ ಗೂಡಿಗೆ ಅದರದೇ ಒಂದು ವಾಸನೆ ಇರುತ್ತದೆ. ಹುಳಿಯಾಗುತ್ತಿರುವ ಹಾಲು, ಬೆಚ್ಚಗಿನ ಮರದ ಹೊಟ್ಟು, ಮೇಲೊಂದಿಷ್ಟು ಉಚ್ಚೆ. ಇಪ್ಪತ್ತೈದು ವರ್ಷಗಳ ಮೇಲೆ ಅದು ಮೂಗಿಗೆ ಬಡಿದಾಗ ನಾನು ನಗುತ್ತಲೇ ಇದ್ದೆ, ಆದರೆ ಕೈಮೇಲಿನ ಕೂದಲು ಎದ್ದು ನಿಂತಿದ್ದವು. ಆ ಒಂದು ಮಳೆಗಾಲದ ವಿಷಯ ಯಾರಿಗೂ ಪೂರ್ತಿ ಹೇಳಿಲ್ಲ. ಫೋನಿನಲ್ಲಿ ಕನ್ನಡ ಹೊಡೆಯಲು ಕಲಿತು ಎರಡು ತಿಂಗಳಾಯಿತು, ಬರೆದುಬಿಡೋಣ ಎಂದು ಕುಳಿತಿದ್ದೇನೆ. ನಾನು 'ಇಲಿ' ಎಂದು ಒತ್ತಿದಾಗಲೆಲ್ಲ ಇದು 'ಇಲ್ಲಿ' ಎಂದು ತಿದ್ದುತ್ತದೆ. ಎಲ್ಲಿ ಎಂದು ಕೇಳಲು ಹೋಗಬೇಡಿ.

ಪುಣೆಯ ಒಂದು ಸಂಶೋಧನಾ ಸಂಸ್ಥೆಯ ಇಲಿಮನೆಯಲ್ಲಿ ನಾನು ಹದಿನೆಂಟು ವರ್ಷ ಕೆಲಸ ಮಾಡಿದೆ. ಧಾರವಾಡದ ಕಡೆಯಿಂದ ಲಗ್ನವಾಗಿ ಬಂದವಳು. ನಮ್ಮವರಿಗೆ ಖಡಕಿಯ ಕಾರ್ಖಾನೆಯಲ್ಲಿ ನೌಕರಿ, ಅಲ್ಲಿಯೇ ಕ್ವಾರ್ಟರ್ಸು. ಊರಿಗೆ ಹೋದಾಗ "ಏನ ಕೆಲಸ ಮಾಡ್ತೀಯ?" ಎಂದು ಕೇಳಿದವರಿಗೆ "ಇಲಿ ಸಾಕತೀನಿ" ಎನ್ನುತ್ತಿದ್ದೆ. ಜಗತ್ತೆಲ್ಲ ಬೋನು ಇಟ್ಟು ಕಾಯುವ ಪ್ರಾಣಿಗೆ ನಾನು ಹೊತ್ತುಹೊತ್ತಿಗೆ ಊಟ ಬಡಿಸಿ, ಹಾಸಿಗೆ ಬದಲಿಸಿ, ಹೆರಿಗೆ ಮಾಡಿಸುತ್ತಿದ್ದೆ. ನಮ್ಮ ಅತ್ತೆ ಬದುಕಿರುವ ತನಕ ನನ್ನ ಕೈಯ ನೀರು ಕುಡಿಯುವ ಮೊದಲು "ತೊಳಕೊಂಡೀಯಿಲ್ಲೊ?" ಎಂದು ಕೇಳದೆ ಬಿಟ್ಟವರಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಇಲಿಮನೆಗೆ ವಸುಧಾ ಮೇಡಂ ಬಂದರು. ಮೈಸೂರಿನವರು, ಮೂವತ್ತರ ಆಸುಪಾಸು, ಹೊರಗೆ ಗಾಳಿ ಬೀಸಿದರೆ ಒಳಗೆ ಹಾರಿ ಬೀಳುವಷ್ಟು ತೆಳ್ಳಗೆ. ನಾನು ಕನ್ನಡದವಳೆಂದು ಗೊತ್ತಾದ ದಿನ ಅವರಿಗೆ ನಿಧಿ ಸಿಕ್ಕಂತಾಯಿತು. ಸಂಶೋಧನೆ ಯಾತರ ಮೇಲೆ ಎಂದು ಕೇಳಿದೆ, ಕುರ್ಚಿ ಎಳೆದುಕೊಂಡು ಹೇಳಲು ಕುಳಿತರು.

"ಹಾರ್ಮೋನು ಅನ್ನೋದು ಬೀಗದ ಕೈ ಇದ್ದ ಹಾಗೆ ಇಂದಿರಾಬಾಯಿ. ಮೆದುಳಲ್ಲಿ ಅದಕ್ಕೆ ತಕ್ಕ ಬೀಗ ಇರುತ್ತೆ. ಕೈ ಬಂದು ಬೀಗದಲ್ಲಿ ಕೂತರೆ ಬಾಗಿಲು ತೆರೆಯುತ್ತೆ."

"ಅಯ್ಯ, ಇಲಿಗೂ ಬೀಗರ ಕಾಟ ಅದ ಏನ್ರಿ?" ಎಂದೆ.

ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನನಗೆ ಗೊತ್ತಿಲ್ಲದೆ ಕೇಳಿದ್ದಲ್ಲ. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತಾರೆ. ಬೀಗರು ಎಂದರೆ ಮಗಳನ್ನು ಕೊಟ್ಟ ಮನೆಯವರು, ಬೀಗತಿ ಎಂದರೆ ಮಗಳ ಅತ್ತೆ. ಅವತ್ತಿನಿಂದ ಇಲಿಮನೆಯಲ್ಲಿ ಅದು ಕೀಲಿ ಎಂದೇ ಆಯಿತು.

ಹೆರಿಗೆಯಾದ ಇಲಿಯ ಮೈಯಲ್ಲಿ ಒಂದು ಹಾರ್ಮೋನು ಹುಟ್ಟುತ್ತದೆ, ಅದು ಮೆದುಳಿನ ಕೀಲಿ ತೆರೆದರೆ ತಾಯಿಗೆ ಮರಿಗಳ ಮೇಲೆ ಲಕ್ಷ್ಯ ಬರುತ್ತದೆ: ಗೂಡು ಕಟ್ಟು, ಮರಿಗಳನ್ನು ಒಟ್ಟುಗೂಡಿಸು, ಬೆಚ್ಚಗಿಡು. ಆ ಕೀಲಿಯನ್ನು ಮಾಡುವ ಜೀನು ಪ್ರತಿ ಇಲಿಗೂ ಎರಡು, ಒಂದು ತಾಯಿಯಿಂದ, ಒಂದು ತಂದೆಯಿಂದ. ವಸುಧಾ ಮೇಡಂ ತಂದ ಇಲಿಗಳಿಗೆ ಒಂದೇ ಇತ್ತು, ಇನ್ನೊಂದು ಕೆಟ್ಟದ್ದು. ನಾನು ಅವಕ್ಕೆ ಒಂಟಿ ಕೀಲಿಯವರು ಎಂದು ಹೆಸರಿಟ್ಟೆ. ಅದೇ ಕೊರತೆಯನ್ನು ಅವರು ಎರಡು ವಂಶಗಳಲ್ಲಿ ಇಳಿಸಿದ್ದರು. ಒಂಟಿ ಕೀಲಿಯ ಇಲಿಯನ್ನು ಕರಿಯ ಇಲಿಗಳ ಮನೆಗೆ ಲಗ್ನ ಮಾಡಿಕೊಡುವುದು, ಹುಟ್ಟಿದವುಗಳಲ್ಲಿ ಒಂಟಿ ಕೀಲಿ ಇದ್ದದ್ದನ್ನು ಆರಿಸಿ ಮತ್ತೆ ಕರಿಯ ಮನೆಗೇ ಕೊಡುವುದು, ಹೀಗೆ ಹತ್ತು ತಲೆಮಾರು. ಕೊನೆಗೆ ಆ ಒಂದು ಕೀಲಿ ಬಿಟ್ಟರೆ ಮೈಯೆಲ್ಲ ಕರಿಯ ವಂಶದ್ದೇ. ಬಿಳಿಯ ಇಲಿಗಳಲ್ಲಿಯೂ ಹೀಗೆಯೇ.

"ಕೊರತೆ ಒಂದೇ, ಹಿನ್ನೆಲೆ ಬೇರೆ" ಎಂದರು ಮೇಡಂ.

"ಹಿನ್ನೆಲೆ ಅಂತ ಯಾಕ್ರಿ, ತವರು ಅನ್ರಿ" ಎಂದೆ. ಅದೂ ನಿಂತಿತು.

ಪರೀಕ್ಷೆ ಸರಳ. ಹೆರಿಗೆಯಾದ ಮೂರನೆಯ ದಿನ ಮೂರು ಮರಿಗಳನ್ನು ಗೂಡಿನಿಂದ ತೆಗೆದು ಪಂಜರದ ಮೂರು ಮೂಲೆಗೆ ಇಡಬೇಕು. ತಾಯಿ ಅವನ್ನು ಬಾಯಲ್ಲಿ ಕಚ್ಚಿ ಗೂಡಿಗೆ ತರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾಳೆ ಎಂದು ನಾನು ಗಡಿಯಾರ ಹಿಡಿದು ಕಾರ್ಡಿನಲ್ಲಿ ಬರೆಯಬೇಕು. ತಂದರೆ 'ಆಯಿತು', ತರದಿದ್ದರೆ 'ಇಲ್ಲ'. ಇಲ್ಲ ಎಂದು ಬರೆದ ಪಂಜರದ ಮರಿಗಳನ್ನು ಅದೇ ದಿನ ಬೇರೊಬ್ಬ ಬಾಣಂತಿಯ ಗೂಡಿಗೆ ಸೇರಿಸುವುದು.

ಬಿಳಿಯ ತವರಿನ ಒಂಟಿ ಕೀಲಿಯವರು ಚಟಪಟನೆ ಮರಿ ಗುಡ್ಡೆ ಹಾಕಿ ಮೇಲೆ ಮಲಗಿಬಿಡುತ್ತಿದ್ದರು. ಪೂರ್ತಿ ಕೀಲಿಯವರಿಗೂ ಇವರಿಗೂ ಏನೂ ಫರಕು ಕಾಣುತ್ತಿರಲಿಲ್ಲ. ಕರಿಯ ತವರಿನವರು ಹಾಗಲ್ಲ. ಅಲ್ಲಿ ಪೂರ್ತಿ ಕೀಲಿಯವರು ಒಳ್ಳೆಯ ತಾಯಂದಿರೇ. ಒಂಟಿ ಕೀಲಿ ಬಂದರೆ ಮಾತ್ರ ಏನೋ ಆಗುತ್ತಿತ್ತು. ಸುತ್ತುವುದು, ನಿಲ್ಲುವುದು, ಮರಿಯ ಮೇಲೆಯೇ ಕಾಲಿಟ್ಟು ದಾಟುವುದು. ಜೂನಿನ ಮೊದಲ ಮಳೆಯ ದಿನ ಅಂಥವಳೊಬ್ಬಳು ಮರಿಯ ಹತ್ತಿರ ಹೋಗಿ ಮೂಸಿದಳು. ತರುತ್ತಾಳೆ ಎಂದುಕೊಂಡೆ. ಅವಳು ಹಿಂದೆ ತಿರುಗಿ, ಕಾಲಿನಿಂದ ಹೊಟ್ಟು ತೂರಿ ತೂರಿ, ಮರಿಯನ್ನು ಮುಚ್ಚಿಬಿಟ್ಟಳು. ನನ್ನ ಕೈಯಿಂದ ಗಡಿಯಾರ ಕೆಳಗೆ ಬಿತ್ತು.

ಯಾಕೆ ಬಿತ್ತು ಎಂದು ಮೇಡಂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ ನಮ್ಮವ್ವ ನನ್ನ ತಮ್ಮನನ್ನು ಹಡೆದಳು. ಐದನೆಯ ದಿನದಿಂದ ಅವಳಿಗೆ ನಿದ್ದೆ ಹೋಯಿತು. ಒಂದೇ ಸಮನೆ ಹಾಡುವುದು, ನಗುವುದು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವುದು. ನಮ್ಮ ಮನೆಯ ಪಡಸಾಲೆಯ ಕೆಳಗೆ ಹಗೇವು ಇತ್ತು, ಜೋಳ ತುಂಬಿಡುವ ನೆಲದೊಳಗಿನ ಕುಣಿ. ಎಂಟನೆಯ ದಿನ ಮಧ್ಯಾಹ್ನ ದೊಡ್ಡವರೆಲ್ಲ ಹೊಲದಲ್ಲಿದ್ದರು. ಅವ್ವ ನನ್ನನ್ನು ಕರೆದು, "ಇಂದೂ, ತಮ್ಮಗ ಚಳಿ ಆಗೇದ. ಜ್ವಾಳದಾಗ ಬೆಚ್ಚಗಿರ್ತಾನ. ಕಲ್ಲು ಸರಿಸ ಬಾ" ಎಂದಳು. ದೊಡ್ಡವರು ಹೇಳಿದ್ದು. ನಾನು ಕೈ ಕೊಟ್ಟೆ. ಕಲ್ಲು ಸರಿಸಲಿಕ್ಕೂ ಕೊಟ್ಟೆ, ಮುಚ್ಚಲಿಕ್ಕೂ ಕೊಟ್ಟೆ.

ಅದಕ್ಕಿಂತ ಹೆಚ್ಚು ಬರೆಯಲಾರೆ. ತಮ್ಮ ಉಳಿಯಲಿಲ್ಲ.

ಅವ್ವನಿಗೆ ಬಾಣಂತಿ ಸನ್ನಿ ಆಗಿತ್ತು. ಆದರೆ ಆ ಶಬ್ದವನ್ನು ಮನೆಯಲ್ಲಿ ಯಾರೂ ಆಡಲಿಲ್ಲ. ಹೆಸರೆತ್ತಿದರೆ ಬರುತ್ತದೆ ಎಂಬ ಹೆದರಿಕೆ. 'ಗಾಳಿ ಸೋಕಿತ್ತು' ಎಂದರು, ಅಷ್ಟೇ. ಮೂರು ತಿಂಗಳಿಗೆ ಅವ್ವ ಮೊದಲಿನಂತಾದಳು. ಆಮೇಲೆಯೂ ಬಹಳ ವರ್ಷ ಬದುಕಿದಳು, ಮಾತು ಮಾತ್ರ ನಿಂತೇಹೋದಂತಿತ್ತು. ಯಾರೂ ಅವಳ ಕೈಗೆ ಕೂಸು ಕೊಡಲಿಲ್ಲ. ನಾನೂ ಕೊಡಲಿಲ್ಲ. ನನಗೆ ಮೀನಾ ಹುಟ್ಟಿದಾಗ ಬಾಣಂತನಕ್ಕೆ ತವರಿಗೆ ಹೋಗದೆ ಖಡಕಿಯಲ್ಲೇ ಉಳಿದೆ. ನನಗೇನೂ ಆಗಲಿಲ್ಲ. ಆದರೂ ಎರಡನೆಯದು ಬೇಡವೆಂದೆ. ಯಾಕೆಂದು ನಮ್ಮವರಿಗೂ ಹೇಳಲಿಲ್ಲ. ಮೀನಾಳ ಲಗ್ನದ ಮಾತುಕತೆಯಲ್ಲಿ ಹಡಪಸರದ ಬೀಗರು "ನಿಮ್ಮ ತಾಯಿಯವರು?" ಎಂದಾಗ "ಭಾಳ ಸಮಾಧಾನದ ಹೆಂಗಸಿದ್ರು" ಎಂದೆ. ಸುಳ್ಳೇನಲ್ಲ. ಮಾತೇ ಆಡದವರು ಸಮಾಧಾನದವರೇ.

ಆ ಮಳೆಗಾಲ ಮೀನಾ ತುಂಬಿದ ಬಸುರಿ. ಸೀಮಂತದ ಕುಬಸ ಮುಗಿಸಿಕೊಂಡು ಆಷಾಢದ ಮೊದಲ ವಾರ ನಮ್ಮ ಮನೆಗೆ ಬಂದಳು. ಖಡಕಿಯ ಮಳೆ ಗೊತ್ತಲ್ಲ, ಒಣಗಲು ಹಾಕಿದ ಬಟ್ಟೆ ವಾರವಾದರೂ ಹಸಿಹಸಿ. ಬೆಳಗ್ಗೆ ಇಲಿಮನೆಯಲ್ಲಿ ಕರಿಯ ಬಾಣಂತಿಯರನ್ನು ನೋಡುವುದು, ಮಧ್ಯಾಹ್ನ ಮನೆಗೆ ಬಂದು ಮಗಳ ಹೊಟ್ಟೆಯನ್ನು ನೋಡುವುದು. ಅವಳು ನಕ್ಕರೆ ಹೆಚ್ಚು ನಕ್ಕಳೇ ಎಂದು ಅನುಮಾನ, ಸುಮ್ಮನೆ ಕುಳಿತರೆ ಯಾಕೆ ಸುಮ್ಮನಿದ್ದಾಳೆ ಎಂದು ಅನುಮಾನ.

"ಅವ್ವಾ, ಏನ ಹಂಗ ನೋಡ್ತಿ? ನಾ ಏನ ನಿನ್ನ ಇಲಿ ಏನು?" ಎಂದು ಅವಳು ಒಂದು ದಿನ ರೇಗಿದಳು.

"ನಿನಗಿಂತ ನನ್ನ ಇಲಿ ಛಲೋ. ಹೇಳಿದ್ದು ತಿಂತಾವ" ಎಂದು ನಕ್ಕು ಒಳಗೆ ಹೋಗಿ, ಒಲೆಯ ಮುಂದೆ ನಿಂತು ಬೆರಳಲ್ಲಿ ಎಣಿಸಿದೆ: ಅವ್ವನಿಗೆ ಐದನೆಯ ದಿನ, ಎಂಟನೆಯ ದಿನ.

ಒಂದು ಬೆಳಗ್ಗೆ ತಡೆಯಲಾರದೆ ವಸುಧಾ ಮೇಡಂ ಅವರನ್ನು ಕೇಳಿದೆ. "ಒಂದ ಮಾತ್ರಿ. ಒಂಟಿ ಕೀಲಿ ಇದ್ದೂ ತನಗೇನೂ ಆಗಲಾರದ ಇಲಿ, ಅದನ್ನ ಮಗಳಿಗೆ ಕೊಡಬಹುದೇನ್ರಿ?"

"ಕೊಡಬಹುದು. ಅರ್ಧಕ್ಕರ್ಧ ಸಾಧ್ಯತೆ."

"ಮಗಳಿಗೆ ಅದು ಆಗಬಹುದೇನು?"

"ಮಗಳ ಮೈಯಲ್ಲಿ ಬೇರೆ ಏನೇನಿದೆ ಅನ್ನೋದರ ಮೇಲೆ. ಅದಕ್ಕೇ ಅಲ್ವಾ ಎರಡು ತವರು ಇಟ್ಟಿರೋದು?" ಎಂದವರು ನನ್ನ ಮುಖ ನೋಡಿ ಪೆನ್ನು ಕೆಳಗಿಟ್ಟರು. "ಇಂದಿರಾಬಾಯಿ, ಇಲಿಯ ಲೆಕ್ಕ ಮನುಷ್ಯರಿಗೆ ಹಾಕಬೇಡಿ. ಇವು ಹತ್ತು ತಲೆಮಾರು ಒಂದೇ ಮನೆಯಲ್ಲಿ ಹುಟ್ಟಿದವು. ನಾವು ಬಿಸಿಬೇಳೆಭಾತು, ಯಾವುದು ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಿಲ್ಲ. ಮನುಷ್ಯರಲ್ಲಿ ಒಂದೇ ಒಂದು ಕೀಲಿಯಿಂದ ಎಲ್ಲ ಆಗತ್ತೆ ಅಂತ ನಾನು ಯಾವತ್ತೂ ಹೇಳಲ್ಲ."

ಸಮಾಧಾನಕ್ಕೆ ಹೇಳಿದ ಮಾತು. ನನಗೆ ಕೇಳಿಸಿದ್ದು 'ಯಾರಿಗೂ ಗೊತ್ತಿಲ್ಲ' ಎಂಬುದು ಮಾತ್ರ.

ಶ್ರಾವಣದಲ್ಲಿ ಮೀನಾ ಹೆಣ್ಣು ಹಡೆದಳು. ಮೂರನೆಯ ದಿನ ಮನೆಗೆ ಕರೆತಂದೆವು. ಅಗ್ಗಿಷ್ಟಿಗೆ ಹಾಕಿ, ಅಜವಾನದ ಹೊಗೆ ಕೊಟ್ಟು, ಕಿವಿಗೆ ಬಟ್ಟೆ ಕಟ್ಟಿದೆ. ದಿನ ಎಣಿಸುತ್ತಿದ್ದೆ. ಐದನೆಯ ದಿನ ಹಡಪಸರದಿಂದ ಬೀಗತಿ ಕಮಲಾಬಾಯಿ ಬಂದರು. ದೊಡ್ಡ ಮೈ, ದೊಡ್ಡ ಧ್ವನಿ, ಚೀಲದ ತುಂಬ ಬಾಣಂತಿಯ ಉಂಡಿಗೆ ಬೇಕಾದ ಅಂಟು, ಕೊಬ್ಬರಿ, ಖಾರಿಕು. ಬಂದವರೇ ಅಡುಗೆಮನೆ ವಶಪಡಿಸಿಕೊಂಡು, "ನೀವು ನಿಮ್ಮ ಇಲಿ ಕಡೆ ಹೋಗರಿ, ಉಂಡಿ ನಾ ಕಟ್ಟತೀನಿ" ಎಂದರು. ಅದೇ ದಿನ ಮೀನಾಳಿಗೆ ನಿದ್ದೆ ಹೋಯಿತು.

ಆರನೆಯ ದಿನ ಮಧ್ಯಾಹ್ನ ಅವಳು ಮಡಚಿದ ಹೊದಿಕೆಯ ದುಪಟಿಗಳನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು. ನನ್ನ ಕಿವಿಯ ಹತ್ತಿರ ಬಂದು, "ಅವ್ವಾ, ಕೂಸು ಮಾತಾಡ್ತದ" ಎಂದಳು.

"ಆರು ದಿನದ ಕೂಸು ಏನ ಮಾತಾಡ್ತದ ಹುಚ್ಚಿ?"

"ಮರಾಠಿ ಮಾತಾಡ್ತದ. ನೀ ನನ್ನ ಆಯಿ ಅಲ್ಲ, ಅವ್ವ ಅಲ್ಲ ಅಂತದ."

ನಗಬೇಕೆಂದರೆ ನಗಬಹುದಾದ ಮಾತು. ಕಮಲಾಬಾಯಿಗೆ "ಸ್ವಲ್ಪ ಬಿಸಿ ಅದರಿ ಮೈ" ಎಂದು ನೆವ ಹೇಳಿ ಆಟೋ ಮಾಡಿಸಿ, ಹೆರಿಗೆಯಾದ ದವಾಖಾನೆಗೆ ಕರೆದೊಯ್ದೆ. ಅವರೂ ಕೂಸನ್ನು ಎತ್ತಿಕೊಂಡು ಜೊತೆಗೇ ಹೊರಟರು, ಬೇಡ ಎನ್ನಲಾಗಲಿಲ್ಲ. ಡಾಕ್ಟರು ಮರಾಠಿಯವರು, ವಯಸ್ಸಾದವರು, ಒಳ್ಳೆಯ ಮನುಷ್ಯ. ಮೀನಾ ಅವರ ಮುಂದೆ ಬೆಣ್ಣೆಯಂತೆ ಕುಳಿತು ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟಳು, ನಿದ್ದೆ ಬರುತ್ತಿಲ್ಲ ಎಂದಷ್ಟೇ ಹೇಳಿದಳು. ಡಾಕ್ಟರು ನನ್ನ ಕಡೆ ತಿರುಗಿ, ಮನೆಯಲ್ಲಿ ಬಾಣಂತನದಲ್ಲಿ ಯಾರಿಗಾದರೂ ಏನಾದರೂ ತೊಂದರೆ ಆಗಿತ್ತೇ ಎಂದು ಕೇಳಿದರು.

ಪಕ್ಕದಲ್ಲಿ ಬೀಗತಿ. ನಮ್ಮ ಮನೆಯಲ್ಲಿ ಕಲಿತ ಮಾತನ್ನೇ ಮರಾಠಿಗೆ ತಿರುಗಿಸಿದೆ. "ಮಾಝ್ಯಾ ಆಈಚ್ಯಾ ಅಂಗಾವರೂನ ವಾರಂ ಗೇಲಂ ಹೋತಂ" ಎಂದೆ. ನನ್ನ ಅವ್ವನಿಗೆ ಗಾಳಿ ಸೋಕಿತ್ತು ಎಂದು ನಾನು ಹೇಳಿದ್ದು. ಆದರೆ ಮೈಮೇಲಿಂದ ಗಾಳಿ ಹೋಯಿತು ಎಂದರೆ ಮರಾಠಿಯವರಿಗೆ ಬೇರೆ ಅರ್ಥ: ಲಕ್ವಾ ಹೊಡೆಯಿತು, ಕೈಕಾಲು ಬಿದ್ದುಹೋದವು ಎಂದು. ಡಾಕ್ಟರು ಎದ್ದು ಬಂದು ಮೀನಾಳ ಕೈ ಎತ್ತಿಸಿದರು, ಕಾಲು ಚಾಚಿಸಿದರು, ರಕ್ತದೊತ್ತಡ ನೋಡಿದರು. ಎಲ್ಲ ಚೆನ್ನಾಗಿದೆ, ಹೆದರಬೇಡಿ, ಮಲಗಿಸಿ ಎಂದು ಗುಳಿಗೆ ಬರೆದು ಕಳಿಸಿದರು.

ಮೂವತ್ತು ವರ್ಷ ಪುಣೆಯಲ್ಲಿ ಕಳೆದವಳಿಗೆ ಆ ಅರ್ಥ ಗೊತ್ತಿರಲಿಲ್ಲವೇ? ಡಾಕ್ಟರು ಕೈ ಎತ್ತಿಸಿದ ಕ್ಷಣವೇ ಗೊತ್ತಾಗಿತ್ತು. ತಿದ್ದಲಿಲ್ಲ. ನಾನು ಹೇಳಬೇಕಾದ್ದನ್ನು ಹೇಳಿದ್ದೇನೆ, ಅವರು ನೋಡಿ ಏನೂ ಇಲ್ಲ ಅಂದಿದ್ದಾರೆ ಎಂದು ಮನಸ್ಸಿಗೆ ಒಪ್ಪಿಸಿಕೊಂಡೆ. ಆಟೋದಲ್ಲಿ ಕಮಲಾಬಾಯಿ "ನಿಮ್ಮ ತಾಯಿಗೆ ಲಕ್ವಾ ಆಗಿತ್ತೇನ್ರಿ? ಹೇಳೇ ಇಲ್ಲ" ಎಂದರು. "ಸಣ್ಣದ್ರಿ" ಎಂದೆ.

ಏಳನೆಯ ದಿನ ಬೆಳಗ್ಗೆ ಇಲಿಮನೆಯಿಂದ ಫೋನು, ತಕ್ಷಣ ಬನ್ನಿ ಎಂದು. ಮೀನಾ ಅಂದು ಶಾಂತವಾಗಿದ್ದಳು, ಕಮಲಾಬಾಯಿ ಮನೆಯಲ್ಲಿದ್ದರು. ಒಂದು ತಾಸಿನಲ್ಲಿ ಬರುತ್ತೇನೆಂದು ಹೋದೆ.

ವಸುಧಾ ಮೇಡಂ ಟೀವಿಯ ಮುಂದೆ ಕುಳಿತಿದ್ದರು. ಪಂಜರಗಳ ಮೇಲೆ ಒಂದು ಕ್ಯಾಮೆರಾ ತೂಗುಹಾಕಿದ್ದರು, ಅದು ನನಗೆ ಮರೆತೇ ಹೋಗಿತ್ತು. ಟೀವಿಯಲ್ಲಿ ಒಬ್ಬಳು ಕರಿಯ ಬಾಣಂತಿ ದಿಕ್ಕುಗೆಟ್ಟು ಸುತ್ತುತ್ತಿದ್ದಳು. ಮೂಲೆಯಲ್ಲಿ ಮರಿ. ಆಮೇಲೆ ಪರದೆಯ ಅಂಚಿನಿಂದ ಒಂದು ಹಳದಿ ಪೆನ್ಸಿಲು ಮೆಲ್ಲಗೆ ಒಳಗೆ ಬಂತು, ಮರಿಯನ್ನು ತಳ್ಳುತ್ತ ತಳ್ಳುತ್ತ ಗೂಡಿಗೆ ಸೇರಿಸಿ, ಕಳ್ಳನಂತೆ ಹಿಂದೆ ಸರಿಯಿತು.

"ಈ ಪೆನ್ಸಿಲ್ ಯಾರದು ಇಂದಿರಾಬಾಯಿ?"

"ನಂದ್ರಿ."

"ಕಾರ್ಡಲ್ಲಿ 'ಆಯಿತು' ಅಂತ ಬರೆದಿದ್ದೀರಿ."

"ಅಕೀ ತಪ್ಪೇನದರಿ ಮೇಡಂ? ಒಂದ ಕೀಲಿ ಕಡಿಮಿ ಹುಟ್ಟೇದ. ಕೆಟ್ಟ ತಾಯಿ ಅಂತ ಯಾಕ ಬರೀಬೇಕು ಅಕೀ ಹೆಸರಿನ ಮುಂದ?"

"ಕೆಟ್ಟ ತಾಯಿ ಅಂತ ಯಾರ್ರೀ ಬರೀತಾರೆ!" ಅವರ ಧ್ವನಿ ಏರಿದ್ದನ್ನು ಅದೇ ಮೊದಲು ಕೇಳಿದ್ದು. "ಇಲ್ಲ ಅಂತ ಬರೆದಿದ್ದರೆ ಮರಿಗಳನ್ನ ಅವತ್ತೇ ಬೇರೆ ಗೂಡಿಗೆ ಹಾಕ್ತಿದ್ವಿ. ನೀವು ಆಯಿತು ಅಂತ ಬರೆದ್ರಿ. ಇವಳ ಹತ್ತಿರವೇ ಬಿಟ್ವಿ. ಬನ್ನಿ, ನೋಡಿ."

ಪಂಜರದಲ್ಲಿ ಕರಿಯವಳು ಮೂಲೆಯಲ್ಲಿ ಹೊಟ್ಟು ತೂರುತ್ತಲೇ ಇದ್ದಳು. ಮೇಡಂ ಚಿಮಟದಿಂದ ಹೊಟ್ಟು ಸರಿಸಿದರು. ಕೆಳಗೆ ಮರಿಗಳು ಸಾಲಾಗಿ, ತಣ್ಣಗೆ.

ನನಗೆ ಹಗೇವಿನ ಕಲ್ಲಿನ ತಂಪು ಅಂಗೈಗೆ ಬಂತು. ಅವತ್ತು ಒಂಬತ್ತು ವರ್ಷ, ತಿಳಿಯದೆ ಕೈ ಕೊಟ್ಟಿದ್ದೆ. ನಿನ್ನೆ, ಐವತ್ತು ದಾಟಿದ ವಯಸ್ಸಿನಲ್ಲಿ, ತಿಳಿದೂ ತಿಳಿದೂ ಡಾಕ್ಟರ ಮುಂದೆ ಅದೇ ಕಲ್ಲನ್ನು ಮುಚ್ಚಿ ಬಂದಿದ್ದೆ.

ಮೇಡಂಗೆ ಏನೂ ಹೇಳದೆ ಹೊರಗೆ ಓಡಿದೆ. ಚಪ್ಪಲಿಯೂ ಅಲ್ಲಿಯೇ ಉಳಿಯಿತು, ಇಲಿಮನೆಯ ರಬ್ಬರು ಬೂಟುಗಳಲ್ಲೇ ಆಟೋ ಹತ್ತಿದೆ. ಮಳೆ ಎಂದರೆ ಮಳೆ. ಖಡಕಿಯ ರೈಲ್ವೆ ಸೇತುವೆಯ ಕೆಳಗೆ ನೀರು ನಿಂತು ಗಾಡಿಗಳೆಲ್ಲ ಸಾಲುಗಟ್ಟಿದ್ದವು. ಆಟೋದವನು ಎಂಜಿನು ಬಂದ್ ಮಾಡಿ ತಂಬಾಕು ತಿಕ್ಕತೊಡಗಿದ. ಇಳಿದು ಮೊಣಕಾಲು ನೀರಿನಲ್ಲಿ ನಡೆದೆ. ಬೂಟಿನೊಳಗೆ ನೀರು ತುಂಬಿ ಒಂದೊಂದು ಹೆಜ್ಜೆಯೂ ಒಂದೊಂದು ಕೊಡದ ಭಾರ.

ಮನೆಯ ಬಾಗಿಲು ತೆರೆದೇ ಇತ್ತು. ಅಡುಗೆಮನೆಯಿಂದ ತುಪ್ಪದಲ್ಲಿ ಅಂಟು ಹುರಿಯುವ ಘಮ. ಕಮಲಾಬಾಯಿ ಒಲೆಯ ಮುಂದಿದ್ದರು. "ಏನ್ರಿ ಇದು ಅವತಾರ!" ಎಂದರು. ಬಾಣಂತಿಯ ಕೋಣೆಯಲ್ಲಿ ಮೀನಾ ಮಂಚದ ಮೇಲೆ ಕೈ ಜೋಡಿಸಿ ಕುಳಿತಿದ್ದಳು. ತೊಟ್ಟಿಲು ಖಾಲಿ.

"ಮೀನಾ, ಕೂಸೆಲ್ಲಿ?"

"ಸಾವಕಾಶ ಮಾತಾಡ ಅವ್ವಾ. ಈಗ ಬಾಯಿ ಮುಚ್ಚೇದ."

"ಎಲ್ಲಿಟ್ಟಿ?"

"ಹೊರಗಿನವರಿಗೆ ಕೇಳಬಾರದು. ಅತ್ತಿಯವರಿಗೆ ಮರಾಠಿ ಛಲೋ ತಿಳೀತದ."

ಅವಳ ಕಣ್ಣು ಕಪಾಟಿನ ಕಡೆ ಹೋಯಿತು. ತೆರೆದೆ. ಕೆಳಗಿನ ಖಾನೆಯಲ್ಲಿ ನನ್ನ ರೇಷ್ಮೆ ಸೀರೆಗಳು, ಅದರ ಮೇಲೆ ಕಂಬಳಿ, ಅದರ ಮೇಲೆ ದುಪಟಿಗಳು, ಒಂದೊಂದೂ ನೀಟಾಗಿ ಮಡಚಿದ್ದು. ಎಳೆದೆಳೆದು ಹಾಕಿದೆ. ಕೂಸು ಕೆಂಪಗೆ, ಬೆವರಿ ತೊಯ್ದು, ಬಾಯಿ ತೆರೆದುಕೊಂಡು ಬಿದ್ದಿತ್ತು. ಎತ್ತಿ ಬೆನ್ನು ತಟ್ಟಿದೆ. ಏನೂ ಇಲ್ಲ. ಮತ್ತೊಮ್ಮೆ ತಟ್ಟಿದೆ, ಉಗುರಿನಿಂದ ಪಾದಕ್ಕೆ ಹೊಡೆದೆ. ಆಗ ಅತ್ತಿತು. ಅದು ಮರಾಠಿಯಲ್ಲ, ಕನ್ನಡವೂ ಅಲ್ಲ, ಬರೀ ಸಿಟ್ಟು.

ಬಾಗಿಲಲ್ಲಿ ಕಮಲಾಬಾಯಿ, ಕೈಯಲ್ಲಿ ಸವಟು. ನಾನು ಕೂಸನ್ನು ಅವರ ಎದೆಗೆ ಒತ್ತಿ ಕೊಟ್ಟು, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ. "ನಮ್ಮವ್ವಗ ಲಕ್ವಾ ಆಗಿದ್ದಿಲ್ರಿ. ಬಾಣಂತಿ ಸನ್ನಿ ಆಗಿತ್ತು. ಹುಚ್ಚು ಹಿಡಿದಿತ್ತು. ನನ್ನ ತಮ್ಮನ್ನ ಹಗೇವಿನಾಗ ಇಟ್ಟು ಮುಚ್ಚಿದ್ಲು. ನಾನೂ ಕೈ ಹಚ್ಚಿದ್ದೆ. ನಿಮಗ ಹೇಳಲಿಲ್ಲ, ಡಾಕ್ಟರಿಗೆ ಹೇಳಲಿಲ್ಲ. ನನಗ ಆಮೇಲೆ ಬೈರಿ. ಈಗ ನಡೀರಿ."

ಕಮಲಾಬಾಯಿ ಸವಟು ಕೆಳಗಿಟ್ಟರು. ಹೋಗಿ ಒಲೆ ಆರಿಸಿ ಬಂದರು. ಕೂಸನ್ನು ಸೆರಗಿನೊಳಗೆ ಸುತ್ತಿಕೊಂಡು "ನಡೀರಿ" ಎಂದರು.

ದವಾಖಾನೆಯಲ್ಲಿ ಡಾಕ್ಟರ ಟೇಬಲಿನ ಮೇಲೆ ಎರಡೂ ಕೈ ಊರಿ, "ಮಾಝ್ಯಾ ಆಈಲಾ ಬಾಳಂತಪಣಾತ ವೇಡ ಲಾಗಲಂ ಹೋತಂ" ಎಂದೆ. ಬಾಣಂತನದಲ್ಲಿ ನನ್ನ ತಾಯಿಗೆ ಹುಚ್ಚು ಹಿಡಿದಿತ್ತು. ಈ ಸಲ ಆ ಭಾಷೆಯಲ್ಲಿ ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ. ನಿನ್ನೆ ಯಾಕೆ ಹೇಳಲಿಲ್ಲ ಎಂದು ಡಾಕ್ಟರು ಕೇಳಿದರು. ಕೇಳುತ್ತಲೇ ಫೋನು ಎತ್ತಿಕೊಂಡಿದ್ದರು, ಉತ್ತರಕ್ಕೆ ಕಾಯಲಿಲ್ಲ. ಮಧ್ಯಾಹ್ನದೊಳಗೆ ಮೀನಾಳನ್ನು ದೊಡ್ಡ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಸೇರಿಸಿಯಾಗಿತ್ತು. ಅಲ್ಲಿನ ಡಾಕ್ಟರು ತರುಣಿ. ಇದಕ್ಕೆ ಔಷಧವಿದೆ, ಬಹಳಷ್ಟು ಮಂದಿ ಗುಣವಾಗುತ್ತಾರೆ, ಆದರೆ ಒಂದು ಗಳಿಗೆಯೂ ಕೂಸಿನ ಜೊತೆ ಒಬ್ಬಳನ್ನೇ ಬಿಡಬೇಡಿ ಎಂದರು. ಇಡೀ ಜನ್ಮದಲ್ಲಿ ಆ ಕಾಯಿಲೆಯ ಬಗ್ಗೆ ಯಾರೂ ದನಿ ತಗ್ಗಿಸದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊರಗಿನ ಬೆಂಚಿನ ಮೇಲೆ ಕಮಲಾಬಾಯಿ ಕೂಸಿಗೆ ಬಾಟಲಿ ಕುಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತೆ, ಬೂಟಿನಿಂದ ನೀರು ಸೋರುತ್ತಿತ್ತು. ಅವರು ನನ್ನ ಮುಖ ನೋಡದೆ ಹೇಳಿದರು: "ಲಗ್ನಕ್ಕ ಮೊದಲ ಹೇಳಿದ್ರ ಹೆಣ್ಣು ಒಲ್ಲೆ ಅಂತಿದ್ದೆ. ಹೇಳಲಿಲ್ಲಂತ ನಿಮ್ಮ ಮ್ಯಾಲೆ ಭಾಳ ಸಿಟ್ಟದ. ಎರಡೂ ಖರೆ. ಈಗ ಬಾಟಲಿ ಹಿಡೀರಿ, ನನ್ನ ಕೈ ಸೋತಾವ."

ಇಲಿಮನೆಗೆ ಹೋಗಿ ಮೇಡಂ ಮುಂದೆ ನಿಂತದ್ದು ಹತ್ತು ದಿನಗಳ ಮೇಲೆ. ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಅವರು ಪೂರ್ತಿ ಕೇಳಿ, ಆ ಪಂಜರದ ಕಾರ್ಡನ್ನು ನನ್ನ ಕೈಗೆ ಕೊಟ್ಟರು. ನಾನೇ 'ಆಯಿತು' ಎಂಬುದನ್ನು ಹೊಡೆದುಹಾಕಿ 'ಇಲ್ಲ' ಎಂದು ಬರೆದೆ, ಕೆಳಗೆ ಸಹಿ ಮಾಡಿದೆ. ಆ ವರ್ಷ ಪೂರ್ತಿ ನನಗೆ ಪೆನ್ಸಿಲು ಕೊಡಲಿಲ್ಲ, ಪೆನ್ನು ಮಾತ್ರ. ಕೊನೆಗೂ ಕರಿಯ ತವರಿನಲ್ಲಿ ಹಾಗೇಕೆ, ಬಿಳಿಯ ತವರಿನಲ್ಲಿ ಹೀಗೇಕೆ ಎಂದು ಅವರಿಗೂ ಪೂರ್ತಿ ತಿಳಿಯಲಿಲ್ಲ. ಬಿಳಿಯರ ಮೈಯಲ್ಲಿ ಆ ಕೊರತೆಯನ್ನು ತುಂಬಿಕೊಡುವ ಬೇರೇನೋ ಇದೆ, ಅದು ಯಾವುದೆಂದು ಹುಡುಕಬೇಕು ಎನ್ನುತ್ತಿದ್ದರು.

ಮೀನಾಳಿಗೆ ಮೊದಲು ನಿದ್ದೆ ಬಂತು. ಆಮೇಲೆ ಹಸಿವು. ನಾಲ್ಕನೆಯ ವಾರ ಒಂದು ಬೆಳಗ್ಗೆ ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಹಾಸಿಗೆಯ ಮೇಲೆ ಎದ್ದು ಕುಳಿತು, ಕೂಸನ್ನು ತರಿಸಿಕೊಂಡು ನೋಡಿದಳು. ಕಮಲಾಬಾಯಿ ಎರಡು ಹೆಜ್ಜೆಯ ದೂರದಲ್ಲೇ ನಿಂತಿದ್ದರು. ಮೀನಾ ಕೂಸಿನ ಕಿವಿ ಮುಟ್ಟಿದಳು, ಬೆರಳು ಬಿಡಿಸಿದಳು. ಆಮೇಲೆ ತಾನು ಏನು ಮಾಡಿದೆನೆಂದು ಕೇಳಿದಳು. ಮುಚ್ಚಿಡಬೇಡಿ, ಕೇಳಿದಷ್ಟು ಹೇಳಿ ಎಂದು ಡಾಕ್ಟರು ಹೇಳಿದ್ದರು. ಕಪಾಟಿನದು ಹೇಳಿದೆ. ಅತ್ತಳು. ಅಜ್ಜಿಗೂ ಹೀಗೆ ಆಗಿತ್ತಂತೆ, ಡಾಕ್ಟರು ಹೇಳಿದರು, ಹೌದೇ ಎಂದಳು. ಅದನ್ನೂ ಹೇಳಿದೆ, ಹಗೇವು, ಕಲ್ಲು, ನನ್ನ ಕೈ. ಅವಳು ನನ್ನ ಕೈಯನ್ನು ಹಿಡಿದುಕೊಂಡಳು.

"ಅವ್ವಾ," ಎಂದಳು, "ಅಜ್ಜಿಗೆ ಆಮೇಲೆ ಯಾರರ ಹೇಳಿದ್ರೇನು, ಇದು ಜಡ್ಡು ಅಂತ? ಆಕೀ ಮಾಡಿದ್ದಲ್ಲ ಅಂತ?"

ಯಾರಾದರೂ ಹೇಳಿದ್ದರೇ? ಅಪ್ಪ, ಅಜ್ಜಿ, ಓಣಿಯವರು, ಒಬ್ಬೊಬ್ಬರನ್ನೇ ನೆನಪಿಗೆ ತಂದುಕೊಂಡೆ. ಕೊನೆಗೆ ನನ್ನನ್ನು.

"ಇಲ್ಲವಾ" ಎಂದೆ. "ಯಾರೂ ಹೇಳಲಿಲ್ಲ."